ಕಪ್ಪತಗುಡ್ಡಕ್ಕೆ ಹೊರಟವರು ನೆಲ ನೋಡಿ ನಡೆಯಲಿ

ಹುಬ್ಬಳ್ಳಿ ಬಿಟ್ಟು ಅಣ್ಣಿಗೇರಿ ದಾಟುವವರೆಗೂ ರಸ್ತೆಯ ಎರಡೂ ಬದಿ ಎರಿ ಹೊಲವೇ. ಸುಮಾರು 60 ಕಿಲೋಮೀಟರು ಕ್ರಮಿಸಿ ಗದಗ ಸೇರಿದರೆ, ಊರಿನ ಆಚೆ ಗುಡ್ಡದ ಸಾಲು ಏಳುತ್ತದೆ. ಬಿಂಕದಕಟ್ಟಿಯ ಬಳಿ ಶುರುವಾಗಿ ಮುಂಡರಗಿ ತಾಲ್ಲೂಕಿನ ಶಿಂಗಟಾಲೂರಿನಲ್ಲಿ ತುಂಗಭದ್ರೆಯ ದಂಡೆ ಮುಟ್ಟುವ ಸಾಲಿದು. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಮೇಲು ಎಂಬುದು ಈ ಭಾಗದ ಹಳೆಯ ಮಾತು.

ಹಂಪಿಯಂಥ ದುಂಡು ಬಂಡೆಗಳ ಆಸೆ ಹೊತ್ತು ಬಂದವರಿಗೆ ಮಾತ್ರ ಇಲ್ಲಿ ನಿರಾಸೆ. ಗ್ರಾನೈಟ್ ಗುಡ್ಡಗಳೇ ಬೇಕೆಂದರೆ ಹೊಸಪೇಟೆ ಆಚೆಯ ದರೋಜಿ ಕರಡಿಧಾಮ ಇದ್ದೇ ಇದೆ. ಕಪ್ಪತಗುಡ್ಡದ್ದು ಪದರುಪದರಾದ, ಕಬ್ಬಿಣ ಬೆರೆತ ಕಲ್ಲು. 250 ಕೋಟಿ ವರ್ಷಕ್ಕೂ ಹಳೆಯದು. ಇಂಥ ಶಿಲೆಗಳಿಗೆ 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಟ್ಟ ಹೆಸರು ‘ಧಾರವಾಡ’. ಪೇಢೆಗಿಂತ ಮೊದಲೇ ಕಲ್ಲು ಆ ಊರಿನ ಹೆಸರನ್ನು ಹೊರದೇಶಕ್ಕೆ ಒಯ್ದಿರಬೇಕು!

ಕಲ್ಲಿನಲ್ಲಿ ಕಬ್ಬಿಣದ ಜೊತೆಗೆ ಚಿನ್ನವೂ ಇದ್ದದ್ದೇ ಗಣಿಗಾರಿಕೆಯ ಆಸೆ ಹುಟ್ಟಿಸಿ ಗುಡ್ಡಕ್ಕೆ ಮುಳುವಾಗುತ್ತಿತ್ತು. 2015ರಲ್ಲಿ ಸಿಕ್ಕ ಸಂರಕ್ಷಿತ ಪ್ರದೇಶದ ಪಟ್ಟವನ್ನು ಮರುವರ್ಷವೇ ಸರ್ಕಾರ ಹಿಂತೆಗೆದುಕೊಂಡಾಗ, ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದಗ ಬೀದಿಗಿಳಿಯಿತು. 2017ರಲ್ಲಿ ಪಟ್ಟ ಮರಳಿತು. 2019ರಲ್ಲಿ 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು.

ಎತ್ತರದ ಮರ, ದಟ್ಟ ನೆರಳು ಇಲ್ಲಿಲ್ಲ. ಈ ಗುಡ್ಡದ ಸಂಪತ್ತು ಮೊಣಕಾಲಿನ ಕೆಳಗಿದೆ: ಕುರುಚಲು ಪೊದೆ, ಬಳ್ಳಿ, ಬೇರು. ಅಮೃತಬಳ್ಳಿ, ಅಶ್ವಗಂಧ, ಮಧುನಾಶಿನಿಯಂಥ ನೂರಾರು ಔಷಧಿ ಸಸ್ಯಗಳಿಗಾಗಿ ನಾಟಿ ವೈದ್ಯರು ತಲೆಮಾರುಗಳಿಂದ ಈ ಗುಡ್ಡವನ್ನು ನೆಚ್ಚಿದ್ದಾರೆ. ಮಧುನಾಶಿನಿ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿದರೆ ಮರಳು ತಿಂದಂತಾಗುತ್ತದೆ. ಆದರೆ ಆ ಪ್ರಯೋಗಕ್ಕೆ ನರ್ಸರಿಯ ಗಿಡ ಸಾಕು. ವನ್ಯಜೀವಿಧಾಮದಲ್ಲಿ ಎಲೆ ಕೀಳುವುದು ಅಪರಾಧ. ಗಿಡ ಬಲ್ಲವರೊಬ್ಬರು ಜೊತೆಗಿಲ್ಲದಿದ್ದರೆ ಇಡೀ ಗುಡ್ಡ ಬರೀ ಹಸಿರು ಕಸದಂತೆ ಕಂಡೀತು. ತೋಳ, ಕತ್ತೆಕಿರುಬ, ಚಿರತೆಗಳೂ ಇಲ್ಲಿವೆ, ಕಾಣುವುದು ಅಪರೂಪ.

ಹೋಗಲು ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೀಳುವ ಬೆಂಕಿ ಇಲ್ಲಿಯ ದೊಡ್ಡ ಪಿಡುಗು. ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಗದಗದಿಂದ ಡಂಬಳ, ಡೋಣಿ ಮಾರ್ಗವಾಗಿ ನಂದಿವೇರಿ ಮಠದ ಕಡೆಗೆ, ಅಲ್ಲಿಂದ ಕಪ್ಪತ ಮಲ್ಲೇಶ್ವರ ಗುಡಿಗೆ ಹೋಗಬಹುದು. ಗುಡಿಯ ದಾರಿ ಬಿಟ್ಟು ಒಳಗೆ ಸುತ್ತುವ ಆಲೋಚನೆ ಇದ್ದರೆ ಗದಗದ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಮೇಲೆ, ಗಾಳಿಗುಂಡಿ ಬಸವಣ್ಣನ ಬಳಿ, ಹೆಸರಿಗೆ ತಕ್ಕ ಗಾಳಿ: ಟೊಪ್ಪಿಗೆ ಹುಷಾರು. ನೀರು, ರೊಟ್ಟಿ ಬುತ್ತಿ ಕಟ್ಟಿಕೊಂಡೇ ಹತ್ತುವುದು ಜಾಣತನ.

ಇಳಿದು ಬರುವಾಗ ಡಂಬಳದ ದೊಡ್ಡಬಸಪ್ಪ ಗುಡಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಕಲ್ಯಾಣ ಚಾಲುಕ್ಯರ ಕಾಲದ ಈ ಗರ್ಭಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಸುತ್ತು ಹಾಕುತ್ತ ಎಣಿಸಲು ಹೊರಟವರು ಒಂದು ಸಲಕ್ಕೆ ಲೆಕ್ಕ ಸರಿಹೊಂದಿಸುವುದು ಕಷ್ಟ.