ನಾಳಿನ ಕಥೆಗಾರ ಫ್ರೆಡರಿಕ್ ಪೋಲ್

ವೈಜ್ಞಾನಿಕ ಕಥೆ ಎಂದೊಡನೆ ಅನೇಕರ ಕಣ್ಣ ಮುಂದೆ ಆಕಾಶನೌಕೆಗಳು, ಯಂತ್ರಮಾನವರು, ಅನ್ಯಗ್ರಹದ ವಿಚಿತ್ರ ಜೀವಿಗಳು ಸುಳಿಯುತ್ತವೆ. ಇವೆಲ್ಲ ಆ ಸಾಹಿತ್ಯದ ವೇಷಭೂಷಣಗಳೇ ಹೊರತು ಅದರ ಜೀವಾಳವಲ್ಲ. ಒಳ್ಳೆಯ ವೈಜ್ಞಾನಿಕ ಕಥೆಯು ಮುಂದೆ ಬರಲಿರುವ ಮೋಟಾರು ಗಾಡಿಯನ್ನು ಊಹಿಸಿದರೆ ಸಾಲದು, ಆ ಗಾಡಿಗಳಿಂದ ಬೀದಿಯಲ್ಲಿ ಉಂಟಾಗುವ ಇಕ್ಕಟ್ಟನ್ನೂ ಊಹಿಸಬೇಕು ಎಂಬ ಅರ್ಥದ ಮಾತೊಂದು ಅಮೆರಿಕದ ಲೇಖಕ ಫ್ರೆಡರಿಕ್ ಪೋಲ್ ಅವರ ಹೆಸರಿನಲ್ಲಿ ಪ್ರಚಾರದಲ್ಲಿದೆ. ಹೊಸ ಯಂತ್ರವೊಂದು ಬಂದಾಗ ಲಾಭ ಯಾರಿಗೆ, ಅದರ ನಿಜವಾದ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯನ್ನು ಅವರ ಕಥೆಗಳು ಬಿಡದೆ ಕೇಳುತ್ತವೆ.

ಪೋಲ್ ಅವರು 1919ರ ನವೆಂಬರ್ 26ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬ್ರೂಕ್ಲಿನ್ನಿನ ತಾಂತ್ರಿಕ ಪ್ರೌಢಶಾಲೆಗೆ ಸೇರಿದರಾದರೂ ಹದಿನೇಳನೆಯ ವಯಸ್ಸಿನಲ್ಲಿ ಓದನ್ನು ಅರ್ಧಕ್ಕೆ ಬಿಟ್ಟರು. (ಅದೇ ಶಾಲೆ 2009ರಲ್ಲಿ, ಅವರಿಗೆ ಎಂಬತ್ತೊಂಬತ್ತು ವರ್ಷವಾಗಿದ್ದಾಗ, ಅವರನ್ನು ಕರೆದು ಪ್ರಮಾಣಪತ್ರ ನೀಡಿತು!) ಶಾಲೆಯನ್ನು ಬಿಟ್ಟರೂ ಪುಸ್ತಕವನ್ನು ಬಿಡಲಿಲ್ಲ. ವೈಜ್ಞಾನಿಕ ಕಥೆಗಳ ಹುಚ್ಚು ಹಿಡಿದ ತರುಣರ ಕೂಟವೊಂದನ್ನು ಸೇರಿದರು. ಮುಂದೆ ಜಗತ್ಪ್ರಸಿದ್ಧರಾದ ಐಸಾಕ್ ಅಸಿಮೊವ್ ಅವರೂ ಆ ಕೂಟದಲ್ಲಿದ್ದರು. 1937ರಲ್ಲಿ ಪೋಲ್ ಅವರ ಕವಿತೆಯೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ಇಪ್ಪತ್ತು ತುಂಬುವ ಹೊತ್ತಿಗೆ ಎರಡು ಕಥಾಪತ್ರಿಕೆಗಳ ಸಂಪಾದಕತ್ವವೇ ಅವರ ಕೈಗೆ ಬಂದಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಸೇನೆಯ ಹವಾಮಾನ ವಿಭಾಗದಲ್ಲಿದ್ದು ಇಟಲಿಯಲ್ಲಿ ಸೇವೆ ಸಲ್ಲಿಸಿದರು. ಅಲ್ಲಿ ಬಿಡುವಿನ ವೇಳೆಯಲ್ಲಿ ಜಾಹೀರಾತು ವ್ಯವಹಾರವನ್ನು ಕುರಿತು ಒಂದು ಕಾದಂಬರಿಯನ್ನು ಆರಂಭಿಸಿದರು. ಆದರೆ ಆ ವ್ಯವಹಾರದ ಗಂಧವೂ ತಮಗಿಲ್ಲವೆಂಬುದು ಮನದಟ್ಟಾಯಿತು. ಯುದ್ಧ ಮುಗಿದು ತಾಯ್ನಾಡಿಗೆ ಮರಳಿದ ಮೇಲೆ ಅವರು ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಜನರಲ್ಲಿ ಇಲ್ಲದ ಬಯಕೆಯನ್ನು ಹುಟ್ಟಿಸುವುದು ಹೇಗೆ ಎಂಬ ವಿದ್ಯೆಯನ್ನು ಅವರು ಒಳಗಿನಿಂದಲೇ ಕಲಿತರು. ಆ ಕಾದಂಬರಿ ಕೈಗೂಡದಿದ್ದರೂ ಆ ಅನುಭವ ವ್ಯರ್ಥವಾಗಲಿಲ್ಲ.

ಗೆಳೆಯ ಸಿರಿಲ್ ಕಾರ್ನ್‌ಬ್ಲೂತ್ ಅವರೊಡನೆ ಕೂಡಿ ಬರೆದ ‘ದಿ ಸ್ಪೇಸ್ ಮರ್ಚೆಂಟ್ಸ್’ ಎಂಬ ಕಾದಂಬರಿ 1953ರಲ್ಲಿ ಪುಸ್ತಕವಾಗಿ ಹೊರಬಂದಿತು. ಅದರಲ್ಲಿ ಪ್ರಪಂಚವನ್ನು ಆಳುವವರು ರಾಜರೂ ಅಲ್ಲ, ಮಂತ್ರಿಗಳೂ ಅಲ್ಲ. ಜಾಹೀರಾತು ಸಂಸ್ಥೆಗಳ ಒಡೆಯರು. ಒಮ್ಮೆ ಕುಡಿದವರು ಬಿಡಲಾಗದಂತೆ ಚಟ ಹಿಡಿಸುವ ಪಾನೀಯವನ್ನು ಅವರು ಮಾರುತ್ತಾರೆ. ಮನುಷ್ಯ ವಾಸಕ್ಕೆ ಯೋಗ್ಯವೇ ಅಲ್ಲದ ಶುಕ್ರಗ್ರಹವನ್ನು ಸ್ವರ್ಗವೆಂದು ವರ್ಣಿಸಿ, ಅಲ್ಲಿಗೆ ಜನರನ್ನು ಹೊರಡಿಸುವ ಕೆಲಸ ಕಥಾನಾಯಕನ ಪಾಲಿಗೆ ಬರುತ್ತದೆ.

1954ರ ‘ದಿ ಮಿಡಾಸ್ ಪ್ಲೇಗ್’ ಎಂಬ ಕಥೆಯ ಕಲ್ಪನೆ ಇನ್ನೂ ಸ್ವಾರಸ್ಯವಾದುದು. ಪಡಿತರ ಚೀಟಿ ಎಂದರೆ ಇಷ್ಟಕ್ಕಿಂತ ಹೆಚ್ಚು ಕೊಳ್ಳಬಾರದು ಎಂಬ ಕಟ್ಟುಪಾಡು. ಪೋಲ್ ಅದನ್ನು ತಲೆಕೆಳಗು ಮಾಡಿದರು. ಯಂತ್ರಮಾನವರು ಹಗಲಿರುಳೂ ಸರಕನ್ನು ತಯಾರಿಸಿ ರಾಶಿ ಹಾಕುತ್ತಿರುವುದರಿಂದ, ಪ್ರತಿಯೊಬ್ಬನೂ ಇಷ್ಟನ್ನಾದರೂ ತಿಂದು, ಉಟ್ಟು, ಸವೆಸಲೇಬೇಕೆಂಬುದು ಅಲ್ಲಿನ ಶಾಸನ. ಬಡವನಿಗೆ ಭಾರಿ ಬಂಗಲೆ, ಮುಗಿಯದ ಊಟ. ಶ್ರೀಮಂತನಿಗೆ ಮಾತ್ರ ಪುಟ್ಟ ಮನೆಯಲ್ಲಿ ಸರಳವಾಗಿ ಬಾಳುವ ಭಾಗ್ಯ! ಈ ಹೊರೆಯನ್ನು ತಾಳಲಾರದ ಬಡ ಗೃಹಸ್ಥನೊಬ್ಬ, ಸರಕನ್ನು ಸವೆಸುವ ಕೆಲಸವನ್ನೂ ಯಂತ್ರಮಾನವರಿಗೇ ವಹಿಸಿಬಿಡುತ್ತಾನೆ.

ಆದರೆ ಪೋಲ್ ಅವರ ಸಣ್ಣ ಕಥೆಗಳಲ್ಲಿ ಓದುಗನನ್ನು ಬಹುಕಾಲ ಕಾಡುವುದು 1955ರ ‘ದಿ ಟನಲ್ ಅಂಡರ್ ದಿ ವರ್ಲ್ಡ್’. ಬರ್ಕ್‌ಹಾರ್ಟ್ ಎಂಬ ಸಾಮಾನ್ಯ ಗೃಹಸ್ಥ ಜೂನ್ 15ರ ಬೆಳಿಗ್ಗೆ ಭೀಕರ ಸ್ಫೋಟದ ಕನಸು ಕಂಡು ಕೂಗುತ್ತ ಏಳುತ್ತಾನೆ. ಊರು ಎಂದಿನಂತೆಯೇ ಇದೆ. ಜಾಹೀರಾತುಗಳ ಅಬ್ಬರ ಮಾತ್ರ ಹೆಚ್ಚಿದೆ. ಬೀದಿಯಲ್ಲಿ ಧ್ವನಿವರ್ಧಕದ ಗಾಡಿಯೊಂದು ಫ್ರೀಜರ್ ಕೊಳ್ಳಿರೆಂದು ಕಿವಿ ಕಿವುಡಾಗುವಂತೆ ಅರಚುತ್ತದೆ. ಒಂದು ರಾತ್ರಿ ಆಕಸ್ಮಿಕವಾಗಿ ಆತ ಮನೆಯ ನೆಲಮಾಳಿಗೆಯಲ್ಲಿಯೇ ನಿದ್ರೆಹೋಗುತ್ತಾನೆ. ಮರುದಿನ ಎದ್ದು ನೋಡಿದರೆ ಮತ್ತೆ ಜೂನ್ 15! ಮನೆಯವರಿಗಾಗಲಿ ನೆರೆಹೊರೆಯವರಿಗಾಗಲಿ ನಿನ್ನೆಯ ನೆನಪೇ ಇಲ್ಲ. ಆತನೊಬ್ಬನಿಗೆ ಮಾತ್ರ ಇದೆ. ಹುಡುಕುತ್ತ ಹೋದಂತೆ ಸತ್ಯ ಬಯಲಾಗುತ್ತದೆ. ಅವನ ಊರು ಸ್ಫೋಟದಲ್ಲಿ ಎಂದೋ ನಾಶವಾಗಿದೆ. ಸತ್ತವರ ಮನಸ್ಸುಗಳನ್ನು ಪುಟ್ಟ ಯಂತ್ರಗಳಲ್ಲಿ ತುಂಬಿ, ಮೇಜಿನ ಮೇಲೆ ಕಟ್ಟಿದ ಆಟಿಕೆಯಂತಹ ಊರಿನಲ್ಲಿ ಇರಿಸಲಾಗಿದೆ. ಯಾವ ಜಾಹೀರಾತಿಗೆ ಜನ ಮರುಳಾಗುತ್ತಾರೆಂದು ದಿನವೂ ಅವರ ಮೇಲೆ ಪರೀಕ್ಷೆ. ರಾತ್ರಿಯಾದೊಡನೆ ನೆನಪನ್ನೆಲ್ಲ ಅಳಿಸಿ, ಮತ್ತೆ ಅದೇ ದಿನದ ಆರಂಭ. ಮಾರುವವರ ಕಣ್ಣಿನಲ್ಲಿ ಮನುಷ್ಯನು ಕೇವಲ ಪರೀಕ್ಷೆಯ ವಸ್ತುವಾದರೆ ಅವನ ಗತಿಯೇನೆಂಬುದನ್ನು ಈ ಕಥೆ ಯಾವ ಉಪದೇಶವೂ ಇಲ್ಲದೆ ತೋರಿಸುತ್ತದೆ. ಇದನ್ನು ಬರೆದಾಗ ಮನೆಮನೆಯ ಗಣಕಯಂತ್ರವಾಗಲಿ ಅಂಗೈಯೊಳಗಿನ ದೂರವಾಣಿಯಾಗಲಿ ಇರಲಿಲ್ಲ ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

1977ರ ‘ಗೇಟ್‌ವೇ’ ಅವರ ಕಾದಂಬರಿಗಳಲ್ಲಿ ಅತ್ಯಂತ ಹೆಸರಾದುದು. ಕಣ್ಮರೆಯಾದ ಅನ್ಯಜೀವಿಗಳು ಬಿಟ್ಟುಹೋದ ನೌಕೆಗಳನ್ನೇರಿ, ಎಲ್ಲಿಗೆ ಹೋಗುತ್ತೇವೆಂಬುದನ್ನೇ ಅರಿಯದೆ ಹೊರಡುವ ಬಡವರ ಕಥೆ ಅದು. ಕೆಲವರು ಸಂಪತ್ತಿನೊಡನೆ ಮರಳುತ್ತಾರೆ. ಅನೇಕರು ಮರಳುವುದೇ ಇಲ್ಲ. ಈ ಕೃತಿಗೆ ಹ್ಯೂಗೊ, ನೆಬ್ಯುಲಾ ಪ್ರಶಸ್ತಿಗಳೆರಡೂ ದೊರೆತವು.

ಇಷ್ಟು ಬರೆದವರಿಗೆ ಇತರರ ಬರಹವನ್ನು ಓದಲು ಬಿಡುವೆಲ್ಲಿ ಎನ್ನಿಸಬಹುದು. ಆದರೆ ಸಂಪಾದಕರಾಗಿ ಅವರು ಮಾಡಿದ ಕಾರ್ಯ ಬರಹಕ್ಕಿಂತ ಕಡಿಮೆಯದಲ್ಲ. ಅಂದಿನ ಕಥಾಸಂಕಲನಗಳು ಬಹುಮಟ್ಟಿಗೆ ಪತ್ರಿಕೆಗಳಲ್ಲಿ ಆಗಲೇ ಬಂದಿದ್ದ ಕಥೆಗಳನ್ನು ಮರುಮುದ್ರಿಸುತ್ತಿದ್ದವು. ಪೋಲ್ ಅವರು 1953ರಲ್ಲಿ ಆರಂಭಿಸಿದ ‘ಸ್ಟಾರ್’ ಸಂಕಲನಮಾಲೆಯಲ್ಲಿ ಹೊಚ್ಚ ಹೊಸ ಕಥೆಗಳನ್ನೇ ಬರೆಯಿಸಿ ಪ್ರಕಟಿಸಿದರು. ಆರ್ಥರ್ ಕ್ಲಾರ್ಕ್ ಅವರ ಸುಪ್ರಸಿದ್ಧ ಕಥೆ ‘ದಿ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್’ ಮೊದಲು ಬೆಳಕು ಕಂಡದ್ದು ಅದರ ಪ್ರಥಮ ಸಂಪುಟದಲ್ಲಿ. 1960ರ ದಶಕದಲ್ಲಿ ‘ಗ್ಯಾಲಕ್ಸಿ’, ‘ಇಫ್’ ಪತ್ರಿಕೆಗಳ ಹೊಣೆ ಹೊತ್ತಾಗ, ‘ಇಫ್’ನ ಪ್ರತಿ ಸಂಚಿಕೆಯಲ್ಲಿಯೂ ಹಿಂದೆಂದೂ ಕಥೆ ಪ್ರಕಟಿಸದ ಒಬ್ಬ ಹೊಸಬರಿಗೆ ಸ್ಥಳವನ್ನು ಕಾದಿರಿಸಿದರು. ಲ್ಯಾರಿ ನಿವೆನ್ ಹಾಗೆ 1964ರಲ್ಲಿ ಬೆಳಕಿಗೆ ಬಂದವರು. ‘ಇಫ್’ 1966ರಿಂದ 1968ರವರೆಗೆ ಸತತವಾಗಿ ಮೂರು ವರ್ಷ ಶ್ರೇಷ್ಠ ಪತ್ರಿಕೆಯೆಂದು ಹ್ಯೂಗೊ ಪ್ರಶಸ್ತಿ ಪಡೆಯಿತು.

ಪೋಲ್ ಅವರು 2013ರ ಸೆಪ್ಟೆಂಬರ್ 2ರಂದು ತೀರಿಕೊಂಡರು. ಅವರ ಜೊತೆಗಾರ ಕಾರ್ನ್‌ಬ್ಲೂತ್ ಇದಕ್ಕೆ ಬಹಳ ಹಿಂದೆಯೇ, 1958ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಅಕಾಲ ಮರಣಕ್ಕೆ ತುತ್ತಾಗಿದ್ದರು. ಗೆಳೆಯನು ಅರೆಬರೆಯಾಗಿ ಬಿಟ್ಟುಹೋದ ಹಸ್ತಪ್ರತಿಗಳನ್ನು ಪೋಲ್ ಜೋಪಾನವಾಗಿ ಕಾಪಾಡಿ, ಒಂದೊಂದನ್ನಾಗಿ ಪೂರ್ತಿಗೊಳಿಸಿದರು. ಅವುಗಳಲ್ಲೊಂದಾದ ‘ದಿ ಮೀಟಿಂಗ್’ ಎಂಬ ಕಥೆಗೆ 1973ರಲ್ಲಿ ಹ್ಯೂಗೊ ಪ್ರಶಸ್ತಿ ಬಂದಿತು. ತೀರಿಕೊಂಡು ಹದಿನೈದು ವರ್ಷವಾಗಿದ್ದ ಕಾರ್ನ್‌ಬ್ಲೂತ್ ಅವರ ಹೆಸರೂ ಅದರಲ್ಲಿ ಪೋಲ್ ಅವರ ಹೆಸರಿನೊಡನೆ ಕೂಡಿಯೇ ಇತ್ತು.