ಒಲೆ ಹಚ್ಚದೆ ಪಾತ್ರೆ ಕಾಯುತ್ತದೆಯೇ?

ಆ ಮನೆಯಲ್ಲಿ ಒಂದು ಹಳೇ ಅಂಬಾಸಿಡರ್ ಕಾರು ಇದೆ. ಮಾವ ತಮ್ಮ ಪ್ರಾಯದಲ್ಲಿ ಕೊಂಡದ್ದು. ಅಂಬಾಸಿಡರ್ ನಮ್ಮ ದೇಶದಲ್ಲೇ ತಯಾರಾದ ಕಾರು. ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ಇದರ ತಯಾರಿಕೆ ನಡೆಯುತ್ತಿತ್ತು. 2014ರಲ್ಲಿ ನಿಂತುಹೋಯಿತು. ಈಗ ಇರುವ ಕಾರನ್ನೇ ಜೋಪಾನ ಮಾಡಬೇಕು.

ಒಂದು ಸಂಜೆ ಗಂಡ ಗ್ಯಾರೇಜಿನಿಂದ ಸಪ್ಪೆ ಮುಖ ಮಾಡಿಕೊಂಡು ಬಂದ.

"ಬಿಸಿ ತೋರಿಸುವ ಮುಳ್ಳು ಮೇಲೇರಿ ಕೂತಿದೆ. ಎಂಜಿನ್ ಬಿಚ್ಚಬೇಕಂತೆ. ಇಪ್ಪತ್ತು ಸಾವಿರ ಆಗುತ್ತಂತೆ" ಅಂದ.

ಹೆಂಡತಿಯ ಕೈ ಕೊರಳಿನ ಸರಕ್ಕೆ ಹೋಯಿತು. ಅಡ ಇಡಲು ಮನೆಯಲ್ಲಿ ಬೇರೇನೂ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮಾವ ಸೊಸೆಯನ್ನು ಕರೆದರು.

"ಬಾಮ್ಮ, ದುಡ್ಡು ಕೊಡೋ ಮುಂಚೆ ಒಂದ್ಸಲ ನಾವೇ ನೋಡೋಣ. ಸೀಟಿನಲ್ಲಿ ಕೂತ್ಕೋ. ಈ ಸಣ್ಣ ಮೀಟರ್ ನೋಡು. ಅರ್ಧ ಬಳೆ ಥರ ಇದೆಯಲ್ಲ, ಆ ಅಕ್ಷರ 'ಸಿ'. ಅಂದ್ರೆ ತಣ್ಣಗೆ. ಎರಡು ಕಂಬದ ನಡುವೆ ಒಂದು ಅಡ್ಡ ಕೋಲು ಇದೆಯಲ್ಲ, ಅದು 'ಎಚ್'. ಅಂದ್ರೆ ಬಿಸಿ. ಈಗ ಕೀಲಿ ತಿರುಗಿಸು. ಎಂಜಿನ್ ಮಾತ್ರ ಶುರು ಮಾಡಬೇಡ."

ಸೊಸೆ ಕೀಲಿ ತಿರುಗಿಸಿದಳು. ಮುಳ್ಳು ನೇರವಾಗಿ 'ಎಚ್' ಕಡೆಗೆ ಹೋಯಿತು. ಅವಳು ಇಳಿದು ಬಂದು ಬಾನೆಟ್ ಮುಟ್ಟಿದಳು. ತಣ್ಣಗಿತ್ತು.

"ಮಾವಾ, ಕಾರು ರಾತ್ರಿಯೆಲ್ಲಾ ನಿಂತೇ ಇತ್ತು. ಒಲೆಯೇ ಹಚ್ಚಿಲ್ಲ, ಪಾತ್ರೆ ಹೇಗೆ ಕಾಯ್ತದೆ?"

ಮಾವ ನಕ್ಕರು. "ಸರಿಯಾಗಿ ಕೇಳಿದೆ ನೋಡು. ಎಂಜಿನ್ ಕಾದಿಲ್ಲ. ಮುಳ್ಳು ಸುಳ್ಳು ಹೇಳ್ತಾ ಇದೆ."

ಮುಳ್ಳು ಹೇಗೆ ಕೆಲಸ ಮಾಡುತ್ತದೆ?

ಎಂಜಿನ್ ಓಡಿದಾಗ ಕಾಯುತ್ತದೆ. ಅದನ್ನು ತಣಿಸಲು ಒಳಗೆ ನೀರು ಹರಿಯುತ್ತದೆ. ಆ ನೀರಿಗೆ ತಾಗುವಂತೆ ಎಂಜಿನ್ನಿಗೆ ಒಂದು ಸಣ್ಣ ಬಿಡಿಭಾಗ ತಿರುಪಿರುತ್ತಾರೆ. ಇದಕ್ಕೆ ಸೆನ್ಸರ್ ಅನ್ನುತ್ತಾರೆ. ಅದರಿಂದ ಒಂದು ವೈರು ಮೀಟರಿಗೆ ಹೋಗುತ್ತದೆ. ನೀರು ಕಾದಷ್ಟೂ ಸೆನ್ಸರ್ ಹೆಚ್ಚು ವಿದ್ಯುತ್ ಹರಿಯಲು ಬಿಡುತ್ತದೆ. ಆಗ ಮುಳ್ಳು ಏರುತ್ತದೆ.

ಹಾಗಾದರೆ ತಪ್ಪು ಮೂರು ಕಡೆ ಇರಬಹುದು. ಸೆನ್ಸರ್, ವೈರು, ಮೀಟರ್.

ತಪ್ಪು ಎಲ್ಲಿದೆ?

ಮಾವ ಕೀಲಿ ಆರಿಸಲು ಹೇಳಿದರು. ಸೆನ್ಸರಿನಿಂದ ವೈರು ಕಿತ್ತರು. ವೈರಿನ ತುದಿ ಎಲ್ಲಿಯೂ ತಾಗದಂತೆ ಬಿಟ್ಟರು.

"ಈಗ ಕೀಲಿ ತಿರುಗಿಸಮ್ಮ. ಮುಳ್ಳು 'ಸಿ'ಗೆ ಇಳಿದರೆ ಸೆನ್ಸರ್ ಕೆಟ್ಟಿದೆ ಅಂತ. ಇಳಿಯದಿದ್ದರೆ ವೈರೋ ಮೀಟರೋ ಕೆಟ್ಟಿದೆ."

ಮುಳ್ಳು ಇಳಿಯಲಿಲ್ಲ. ಸೆನ್ಸರ್ ಮೇಲಿನ ಅನುಮಾನ ಹೋಯಿತು.

ಸೊಸೆ ಕೀಲಿ ಆರಿಸಿ ವೈರಿನ ಉದ್ದಕ್ಕೂ ಬೆರಳಾಡಿಸುತ್ತಾ ಹೋದಳು. ಒಂದು ಕಡೆ ವೈರಿನ ಹೊದಿಕೆ ಸವೆದುಹೋಗಿತ್ತು. ಒಳಗಿನ ತಾಮ್ರ ಕಾರಿನ ಕಬ್ಬಿಣಕ್ಕೆ ತಾಗುತ್ತಿತ್ತು. ವಿದ್ಯುತ್ ಸೆನ್ಸರಿಗೆ ಹೋಗದೆ ಅಲ್ಲೇ ಕಬ್ಬಿಣಕ್ಕೆ ಹರಿಯುತ್ತಿತ್ತು. ಅದಕ್ಕೇ ಮುಳ್ಳು ಏರಿ ಕೂತಿತ್ತು. ಅವಳು ವೈರನ್ನು ಕಬ್ಬಿಣದಿಂದ ದೂರ ಸರಿಸಿ ಕೀಲಿ ತಿರುಗಿಸಿದಳು. ಮುಳ್ಳು 'ಸಿ'ಗೆ ಇಳಿಯಿತು!

ಮಾವ ಆ ಜಾಗಕ್ಕೆ ಟೇಪು ಸುತ್ತಿದರು. ವೈರನ್ನು ಮತ್ತೆ ಸೆನ್ಸರಿಗೆ ಸಿಕ್ಕಿಸಿದರು. ರೇಡಿಯೇಟರಿನಲ್ಲಿ ನೀರು ನೋಡಿದರು. ತುಂಬಿತ್ತು. ಮಗ ಕಾರು ಓಡಿಸಿಕೊಂಡು ಬಂದ. ಮುಳ್ಳು ನಿಧಾನವಾಗಿ ಏರಿ ನಡುವೆ ನಿಂತಿತು. ಖರ್ಚಾದದ್ದು ಒಂದು ಸುರುಳಿ ಟೇಪು. ಸರ ಕೊರಳಲ್ಲೇ ಉಳಿಯಿತು.

ಮುಳ್ಳು ಏಳದೇ ಇದ್ದರೆ?

ಕೆಲವೊಮ್ಮೆ ಕಾರು ಎಷ್ಟು ಓಡಿದರೂ ಮುಳ್ಳು 'ಸಿ'ಯಲ್ಲೇ ಇರುತ್ತದೆ. ತಣ್ಣಗಿದೆ ಅಂತ ಖುಷಿಪಡಬೇಡಿ. ಇದು ಹೆಚ್ಚು ಅಪಾಯ. ಎಂಜಿನ್ ಕುದಿಯುತ್ತಿದ್ದರೂ ನಮಗೆ ತಿಳಿಯುವುದಿಲ್ಲ. ನೀರು ತೀರಾ ಕಡಿಮೆಯಾಗಿ ಸೆನ್ಸರಿಗೆ ತಾಗದಿದ್ದರೂ ಮುಳ್ಳು ತಪ್ಪು ತೋರಿಸುತ್ತದೆ. ಆದ್ದರಿಂದ ಮೊದಲು ನೀರು ನೋಡಿ.

ನೀರು ಸರಿಯಾಗಿದ್ದರೆ ಸೆನ್ಸರಿನ ವೈರು ಕಿತ್ತು, ಕೀಲಿ ತಿರುಗಿಸಿ, ವೈರಿನ ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಒಂದು ಕ್ಷಣ ಮಾತ್ರ ತಾಗಿಸಿ. ಮುಳ್ಳು ಎದ್ದರೆ ಸೆನ್ಸರ್ ಕೆಟ್ಟಿದೆ. ಏಳದಿದ್ದರೆ ವೈರು ತುಂಡಾಗಿದೆ, ಇಲ್ಲವೇ ಮೀಟರ್ ಕೆಟ್ಟಿದೆ.

ಎಚ್ಚರಿಕೆ!

ದಾರಿಯಲ್ಲಿ ಮುಳ್ಳು 'ಎಚ್'ಗೆ ಏರಿದರೆ ಸುಳ್ಳು ಅಂದುಕೊಳ್ಳಬೇಡಿ. ಮೊದಲು ಕಾರು ನಿಲ್ಲಿಸಿ. ಎಂಜಿನ್ ಆರಿಸಿ. ಹಬೆ ಬರುತ್ತಿದೆಯೇ, ನೀರು ಸೋರುತ್ತಿದೆಯೇ ನೋಡಿ.

ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಲೇಬಾರದು. ಅದು ಸೀಟಿ ಹೊಡೆಯುವ ಕುಕ್ಕರ್ ಇದ್ದಂತೆ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿಗಿಂತ ಹೆಚ್ಚು ಕಾದಿರಬಹುದು. ಮುಚ್ಚಳ ತೆಗೆದರೆ ಮುಖಕ್ಕೆ ಹಾರುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ.

ನೆನಪಿಡಿ

ಮುಳ್ಳು ಬಿಸಿಯ ಸುದ್ದಿ ತರುತ್ತದೆ. ಸುದ್ದಿ ನಿಜವೋ ಸುಳ್ಳೋ ಮೊದಲು ನೋಡಿ. ಕಡಿಮೆ ಖರ್ಚಿನದನ್ನು ಮೊದಲು ಪರೀಕ್ಷಿಸಿ. ದೊಡ್ಡ ರಿಪೇರಿಯ ಮಾತು ಬಂದರೆ "ಯಾಕೆ?" ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಉತ್ತರ ಹೇಳಿ

1. ಎಂಜಿನ್ ಕಾದಿಲ್ಲ ಎಂದು ಸೊಸೆಗೆ ಹೇಗೆ ತಿಳಿಯಿತು?
2. ಮುಳ್ಳು 'ಸಿ'ಯಲ್ಲೇ ನಿಂತರೆ ಯಾಕೆ ಅಪಾಯ?
3. ನಿಮ್ಮ ಮನೆಯಲ್ಲಿ ಯಾವುದಾದರೂ ರಿಪೇರಿಗೆ ದುಡ್ಡು ಕೊಡುವ ಮುಂಚೆ ನೀವು ಏನೇನು ಕೇಳುತ್ತೀರಿ? ಬರೆಯಿರಿ.