ನಲವತ್ತೆರಡನೇ ದಿನ ಕಳೆದ ಮೇಲೆ

ಚನ್ನರಾಯನದುರ್ಗದ ಒಬ್ಬ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ ಪದೇ ಪದೇ ಬಂದುಹೋಗುವುದು 42ನೇ ದಿನಕ್ಕೆ ಮುಗಿಯಿತು. ಆಮೇಲಿನ ಭೇಟಿಗಳೆಲ್ಲ ಮುಖ್ಯವಾಗಿ ಕೂಸಿನ ತೂಕ, ಊಟ, ಲಸಿಕೆ ವಿಚಾರಿಸುವುದಕ್ಕೆ. ತಾಯಿಯ ಥೈರಾಯ್ಡ್ ಎಡವಟ್ಟಾಗುವುದು ಹೆಚ್ಚಾಗಿ ಆ ಹೊತ್ತಿಗೇ.

ಮೂರನೇ ತಿಂಗಳಲ್ಲಿ ಕೈ ನಡುಕ ಶುರುವಾಯಿತು. ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ತುಂಬ ಉಂಡರೂ ಮೈ ಇಳಿಯುತ್ತಿತ್ತು. ಒಂದು ರಾತ್ರಿ ಹಾಲೂಡಿಸುತ್ತಿದ್ದಾಗ ತೋಳು ಎಷ್ಟು ನಡುಗಿತೆಂದರೆ, ಕೂಸು ಜಾರಿಬಿಟ್ಟೀತೆಂದು ಹೆದರಿ ಚಾಪೆಯ ಮೇಲೆ ಮಲಗಿಸಿ ಗೋಡೆಗೆ ಒರಗಿದಳು. ಕೂಸು ಕಿರುಚುತ್ತಿದೆ, ಎತ್ತಿಕೊಳ್ಳಲು ಇವಳಿಗೆ ಧೈರ್ಯವಿಲ್ಲ. ಎದ್ದುಬಂದ ಅತ್ತೆ ದೀಪ ಹಾಕಿ ಮುಖ ನೋಡಿದವರೇ ಮಗನಿಗೆ ಹೇಳಿದರು: "ಬಾಣಂತಿ ಸನ್ನಿ ಕಣಪ್ಪ ಇದು. ಕೂಸ್ನ ಇವ್ಳ ಕೈಗೆ ಕೊಡಬ್ಯಾಡ." ಬೆಳಗಾಗುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ, ಸಂಜೆಗೆ ಕೊರಳಲ್ಲಿ ತಾಯಿತ. ನಿಜವಾದ ಸನ್ನಿಯೇ ಆಗಿದ್ದರೂ ಕರೆದೊಯ್ಯಬೇಕಾಗಿದ್ದದ್ದು ಆಸ್ಪತ್ರೆಗೆ. ಆ ಮಾತಿಗೆ ಅವಳು ಅತ್ತೆಯನ್ನು ಇನ್ನೂ ಕ್ಷಮಿಸಿಲ್ಲ.

ತೋರಿಸಿದ ವೈದ್ಯರೂ ನಿಶ್ಶಕ್ತಿ ಎಂದು ಟಾನಿಕ್ ಬರೆದು ಕೈತೊಳೆದುಕೊಂಡರು.

ಎರಡು ತಿಂಗಳಲ್ಲಿ ಎಲ್ಲ ತಿರುಗುಮುರುಗು. ಬೇಸಗೆಯಲ್ಲೂ ಚಳಿ, ಮಲಬದ್ಧತೆ, ಬಾಚಣಿಗೆ ತುಂಬ ಕೂದಲು, ಕೂತಲ್ಲೇ ತೂಕಡಿಕೆ. ಈಗ ಮೈಗಳ್ಳಿ ಎಂಬ ಬಿರುದು! ಮಧುಗಿರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಲೇಬೇಕೆಂದು ಹಟ ಹಿಡಿದವಳು ಅವಳೇ. ಟಿಎಸ್‌ಎಚ್ ಮಿತಿಗಿಂತ ಬಹಳ ಮೇಲಿತ್ತು, ಅಂದರೆ ಥೈರಾಯ್ಡ್ ಹಾರ್ಮೋನು ಸಾಲದಾಗಿತ್ತು.

ಬಸುರಿನಲ್ಲಿ ತಗ್ಗಿದ್ದ ರೋಗನಿರೋಧಕ ಶಕ್ತಿ ಹೆರಿಗೆಯ ನಂತರ ಚೇತರಿಸಿಕೊಂಡು, ಕೆಲವರಲ್ಲಿ ಸ್ವಂತ ಥೈರಾಯ್ಡ್ ಗ್ರಂಥಿಯ ಮೇಲೇ ಎರಗುತ್ತದೆ. ಪೆಟ್ಟು ತಿಂದ ಗ್ರಂಥಿಯಿಂದ ದಾಸ್ತಾನಿದ್ದ ಹಾರ್ಮೋನು ರಕ್ತಕ್ಕೆ ಸೋರಿದಾಗ ನಡುಕ, ದಾಸ್ತಾನು ಬರಿದಾದಾಗ ಚಳಿ. ಸುಮಾರು 20 ಬಾಣಂತಿಯರಲ್ಲಿ ಒಬ್ಬರಿಗೆ ಇದು ಬರುತ್ತದೆ. ಟೈಪ್ 1 ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು. ನ್ಯೂಜಿಲೆಂಡಿನ ವೈದ್ಯ ರಾಬರ್ಟನ್ ಬಾಣಂತಿಯರ ಇಂಥ ಸುಸ್ತು, ಚಳಿ, ಕೂದಲಿನ ತೊಂದರೆಗೆ ಥೈರಾಯ್ಡ್ ಸಾರ ಕೊಟ್ಟು ಗುಣ ಕಂಡದ್ದನ್ನು 1948ರಲ್ಲೇ ಬರೆದಿದ್ದರು. ನಮ್ಮಲ್ಲಿ ಇನ್ನೂ ಟಾನಿಕ್ಕೇ ಗತಿ.

ಅವಳಿಗೆ ಬರೆದುಕೊಟ್ಟದ್ದು ಲಿವೊಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಬೇಕು, ಹಾಲೂಡಿಸಲು ಅಡ್ಡಿಯಿಲ್ಲ. ಬಾಣಂತಿಯರಿಗೆ ಸರ್ಕಾರ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ಜತೆಗೇ ನುಂಗಿದರೆ ಮೈಗೆ ಸರಿಯಾಗಿ ಹತ್ತದು. ನಾಲ್ಕು ಗಂಟೆ ಅಂತರವಿರಲಿ. ಹೆಚ್ಚಿನವರಿಗೆ ವರ್ಷ, ಒಂದೂವರೆ ವರ್ಷದಲ್ಲಿ ಸರಿಹೋಗುತ್ತದೆ, ಕೆಲವರಿಗೆ ಮಾತ್ರೆ ಕಾಯಂ. ಮುಂದಿನ ಹೆರಿಗೆಯಲ್ಲಿ ಮರುಕಳಿಸುವುದೂ ಉಂಟು.

ಈಗ ನಾದಿನಿಗೆ ಹೆರಿಗೆಯಾಗಿದೆ. ಮೊನ್ನೆ ಅವಳ ಕೈ ಕೊಂಚ ನಡುಗಿದ್ದಕ್ಕೆ ಅತ್ತೆಯೇ ಮಧುಗಿರಿ ಬಸ್ಸು ಹತ್ತಿಸಿ ಪರೀಕ್ಷೆಗೆ ಕರೆದೊಯ್ದರಂತೆ. ಸನ್ನಿಯ ಮಾತು ಯಾರೂ ಎತ್ತಲಿಲ್ಲ.